ಮಾವನ ಸಿಮೆಂಟು ಚಟ್ಟಿ, ಅತ್ತೆಯ ಆಂಥೂರಿಯಂ

ಜೆಂಬ್ರಕ್ಕೆ ಬಂದ ಹೆಮ್ಮಕ್ಕೊ ಊಟ ಆಗಿ ಕೈ ತೊಳವಲೆ ಹೆರ ಬಂದರೆ ಮತ್ತೆ ಅರ್ಧ ಗಂಟೆ ಒಳ ಬತ್ತವಿಲ್ಲೆ. ಎಲ್ಲೋರುದೇ ಜೆಗಿಲಿ ಕರೆಲಿಪ್ಪ ಹೂಗಿನ ಚಟ್ಟಿಗಳ ಹತ್ತರೆ. "ಅಕ್ಕಾ, ನಿಂಗಳ ಆಂಥೂರಿಯಂ ಇಷ್ಟು ಹೂಗು ಬಿಡ್ತನ್ನೆ, ಎಂಗಳದ್ದು ಎಂತಗೆ ಬರೇ ಎಲೆ ಮಾಂತ್ರ?" ಹೇಳಿ ಕೇಳುಗು. "ಚಟ್ಟಿ ಬದಲ್ಸಿ ಎಷ್ಟು ವರ್ಷ ಆತು?" ಹೇಳಿ ಆನು ತಿರುಗಿ ಕೇಳುದು. ಹೆಚ್ಚಿನವಕ್ಕೆ ನೆಂಪೇ ಇರ್ತಿಲ್ಲೆ. ತಂದದು, ನೆಟ್ಟದು, ನೀರು ಹಾಕಿದ್ದು, ಅಷ್ಟೆ. ಹಾಂಗಾಗಿ ಈ ಸರ್ತಿ ಚಟ್ಟಿ ಬದಲ್ಸುವ ಶುದ್ದಿಯನ್ನೇ ಬರವ ಹೇಳಿ ಗ್ರೇಶಿದೆ. ಈ ಒಂದು ವರ್ಷಲ್ಲಿ ಎಂಗಳ ಮನೆಲಿ ಇದೇ ಒಂದು ದೊಡ್ಡ ಕೆಲಸ ಆಯಿದು.

ಮದಾಲು ಆ ಸೆಸಿಯ ಗುಣ ಗೊಂತಿರೆಕ್ಕು. ಆಂಥೂರಿಯಂನ ಅಪ್ಪನಮನೆ ಕೊಲಂಬಿಯಾ, ಈಕ್ವೆಡಾರ್ ಹೇಳುವ ದೇಶಂಗಳ ಮಳೆಕಾಡು. ಅಲ್ಲಿ ಅದು ದೊಡ್ಡ ಮರಂಗಳ ಅಡಿಲಿ, ಗೆಲ್ಲಿನ ಸಂದಿಲಿ, ತರಗೆಲೆ ಕೊಳದು ಹೊಡಿ ಆದಲ್ಲಿ ಬೇರು ಬಿಟ್ಟು ಬದ್ಕುದು. ಹಾಂಗಾಗಿ ಅದರ ಬೇರಿಂಗೆ ತಂಪು ಬೇಕು, ಆದರೆ ನೀರಿಲಿ ಮುಂಗಿ ಕೂಪಲಾಗ. ಗಾಳಿ ಆಡೆಕ್ಕು. ನಮ್ಮ ಪತ್ರೊಡೆಯ ಕೆಸವು, ಕೇನೆ ಎಲ್ಲ ಇದರದ್ದೇ ಕುಟುಂಬ. ಕೆಸವು ಕೊಯ್ದರೆ ಕೈ ತೊರುಸುತ್ತ ಹಾಂಗೆ ಇದರ ರಸ ತಾಗಿರೂ ಕೆಲವರಿಂಗೆ ತೊರುಸುತ್ತು. ಇನ್ನು ಕೆಂಪಿಂಗೆ ಫಳಫಳ ಹೊಳೆತ್ತದು ಇದ್ದನ್ನೆ, ಅದು ಹೂಗೇ ಅಲ್ಲ, ಅದುದೇ ಒಂದು ನಮುನೆಯ ಎಲೆ. ಮಧ್ಯಲ್ಲಿ ಬೀಲದ ಹಾಂಗೆ ನಿಂದೊಂಡಿಪ್ಪದರ ಮೇಲೆ ಸಾಸಮೆಂದಲೂ ಸಣ್ಣಕೆ ಕಾಂಬದೇ ನಿಜವಾದ ಹೂಗುಗೊ. ಹಾಂಗಾಗಿಯೇ ಅದು ಬೇಗ ಬಾಡುತ್ತಿಲ್ಲೆ. ಕೊಯ್ದು ನೀರಿಲಿ ಮಡುಗಿರೆ ಎರಡು ವಾರ ಧಾರಾಳ ಇರ್ತು.

ಎಂಗಳ ಮನೆಯ ದೊಡ್ಡ ಆಂಥೂರಿಯಂ ಅತ್ತೆ ನೆಟ್ಟದು. ಅದು ಇಪ್ಪ ಸಿಮೆಂಟಿನ ಚಟ್ಟಿ ಮಾವ ಕೈಯಾರೆ ಮಾಡಿದ್ದು. ಒಂದು ದೊಡ್ಡ ಮಣ್ಣಿನ ಅಳಗೆಯ ಜಾಲಿಲಿ ಕವುಚಿ ಹಾಕಿ, ಅದರ ಮೇಲಂದ ಸಿಮೆಂಟು ಮೆತ್ತಿ, ಲಾಯ್ಕಲ್ಲಿ ಒಣಗಿದ ಮತ್ತೆ ಒಳಾಣ ಅಳಗೆಯ ಒಡದು ತೆಗದ್ದಡ. ಅಳಗೆಯ ಆಕಾರವೇ ಚಟ್ಟಿಗೂ ಬಯಿಂದು: ಹೊಟ್ಟೆ ದೊಡ್ಡ, ಬಾಯಿ ಸಣ್ಣ. ಸಿಮೆಂಟು ಹಸಿ ಇಪ್ಪಗಳೇ ಆಣಿಲಿ ಹೊಟ್ಟೆಯ ಮೇಲೆ "1986" ಹೇಳಿ ಗೀರಿದ್ದವು. ಆನು 1991ರಲ್ಲಿ ಮದುವೆಯಾಗಿ ಈ ಮನೆಗೆ ಬಪ್ಪಗ ಆ ಚಟ್ಟಿ ತೆಂಕ ಹೊಡೆಣ ಜೆಗಿಲಿಯ ಮೂಲೆಲಿ ಇದ್ದತ್ತು. ಈಗಳೂ ಅಲ್ಲಿಯೇ ಇದ್ದು. ಬರಿ ಚಟ್ಟಿಯ ನೆಗ್ಗೆಕ್ಕಾರೇ ಎರಡು ಜೆನ ಬೇಕು.

ಕಳುದ ವರ್ಷ ಡಿಸೆಂಬರಿಲಿ ಅತ್ತೆ ತೀರಿ ಹೋದವು. ಎಂಬತ್ತನಾಲ್ಕು ಆಗಿತ್ತು. ಅಕೇರಿಯಾಣ ಎರಡು ವರ್ಷ ಅವು ಹಾಸಿಗೆಲೇ ಇತ್ತಿದ್ದ ಕಾರಣ ಎನಗೆ ಸೆಸಿಗಳ ಹತ್ತರೆ ಹೋಗಿ ನಿಂಬಲೂ ಪುರ್ಸೊತ್ತು ಇತ್ತಿಲ್ಲೆ. ನೀರೊಂದು ತಪ್ಪುಸದ್ದೆ ಹಾಕಿಗೊಂಡಿತ್ತಿದ್ದೆ. ಅವರ ಕಾರ್ಯ ಎಲ್ಲ ಮುಗುದು, ಮನೆ ಖಾಲಿ ಆಗಿ, ಫೆಬ್ರವರಿಲಿ ಒಂದು ದಿನ ಹೊತ್ತೋಪಗ ಆ ಸೆಸಿಯ ಸರಿಯಾಗಿ ನೋಡಿದೆ.

ಚಟ್ಟಿ ಬದಲ್ಸೆಕ್ಕು ಹೇಳಿ ಸೆಸಿ ಹೇಂಗೆ ಹೇಳ್ತು? ಅದರ ಎಲ್ಲಾ ಗುರ್ತಂಗಳೂ ಅಲ್ಲಿ ಇದ್ದತ್ತು. ಒಂದು, ಅಡಿಯಾಣ ಒಟ್ಟೆಂದ ಬೇರು ಹೆರ ಬಂದು ನೆಲಕ್ಕೆ ಅಂಟಿದ್ದು. ಎರಡು, ನೀರು ಹಾಕಿರೆ ಮೇಲೆಯೇ ನಿಂದು, ಮತ್ತೆ ಕರೆಂದ ಸರಕ್ಕನೆ ಇಳುದು ಹೋವುತ್ತು, ಮಧ್ಯದ ಮಣ್ಣು ಒಣಗಿಯೇ ಇರ್ತು. ಮೂರು, ಅಂಗೈಯಷ್ಟು ಅಗಲ ಇದ್ದ ಹೂಗು ಮೂರು ಬೆರಳಿನ ಅಗಲಕ್ಕೆ ಇಳುದ್ದು. ನಾಲ್ಕು, ಕೆಳಾಣ ಎಲೆಗೊ ಹಳದಿ ಆಗಿ ಉದುರಿ, ದಂಟು ಚಟ್ಟಿಯ ಬಾಯಿಂದ ಒಂದೂವರೆ ಅಡಿ ಮೇಲೆ ಹೋಗಿ ಬಗ್ಗಿದ್ದು. ಆ ದಂಟಿಲಿ ಗೆಂಟಿಂಗೊಂದು ಬೇರು, ಮಣ್ಣು ಹುಡ್ಕಿಗೊಂಡು ಗಾಳಿಲಿ ನೇಲ್ತಾ ಇದ್ದು. ಬುಡಲ್ಲಿ ನಾಲ್ಕು ಮರಿಗೊ ಜಾಗೆ ಸಾಕಾಗದ್ದೆ ಒಂದರ ಮೇಲೊಂದು ಬಿದ್ದೊಂಡು ಇದ್ದತ್ತು. ನಿಂಗಳ ಚಟ್ಟಿಲಿ ಈ ನಾಲ್ಕರಲ್ಲಿ ಎರಡು ಕಂಡರೂ ಸಾಕು, ಬದಲ್ಸುವ ಸಮಯ ಆಯಿದು ಹೇಳಿ ಲೆಕ್ಕ.

ಬದಲ್ಸೆಕ್ಕು ಸರಿ. ಹೇಂಗೆ? ಮಣ್ಣಿನ ಚಟ್ಟಿ, ಪ್ಲಾಸ್ಟಿಕ್ಕಿನ ಚಟ್ಟಿ ಆದರೆ ಅಡ್ಡ ಹಾಕಿ ಕರೆಗೆ ನಾಲ್ಕು ತಟ್ಟಿರೆ ಬೇರಿನ ಉಂಡೆ ಜಾರಿ ಹೆರ ಬತ್ತು. ಇದು ಸಣ್ಣ ಬಾಯಿಯ ಚಟ್ಟಿ. ಒಳ ಮೂವತ್ತು ವರ್ಷಂದ ಬೆಳದ ಬೇರಿನ ಉಂಡೆ ಬಾಯಿಂದ ಎರಡು ಪಾಲು ದೊಡ್ಡ ಇದ್ದು. ಗೋಡೆ ಕೆಲಸಕ್ಕೆ ಬಂದ ಮೇಸ್ತ್ರಿ ನೋಡಿ, "ಅಕ್ಕಾ, ಸುತ್ತಿಗೆಲಿ ಒಂದು ಪೆಟ್ಟು ಸಾಕು, ಸೆಸಿ ಒಳಿತ್ತು" ಹೇಳಿದ. ಅದು ಕೇಳಿದ ಎಂಗಳ ಮನೆಯವು ಎಂತದೂ ಮಾತಾಡಿದ್ದವಿಲ್ಲೆ. ಹೆಗಲಿಂಗೆ ತೋರ್ತು ಹಾಕಿಗೊಂಡು ತೋಟಕ್ಕೆ ಹೋದವು. ಮದುವೆಯಾಗಿ ಇಷ್ಟು ವರ್ಷಲ್ಲಿ ಅವರ "ಬೇಡ" ಹೇಳುವ ಮಾತಿನ ಆನು ಹೆಚ್ಚು ಕೇಳಿದ್ದು ಹೀಂಗೇ, ತೋರ್ತು ಹೆಗಲಿಂಗೆ ಹೋದಪ್ಪಗ. ಆ ಚಟ್ಟಿಯ ಒಡದರೆ ಅವರ ಅಪ್ಪನ ಕೈಯ ಗುರ್ತ ಹೋತು. ಒಡೆಯದ್ದೆ ಬಿಟ್ಟರೆ ಅಬ್ಬೆಯ ಸೆಸಿ ಹೋತು.

ಮಗಳು ಬೆಂಗ್ಳೂರಿಂದ ಫೋನು ಮಾಡಿಪ್ಪಗ, "ಅಮ್ಮಾ, ಡಾಕ್ಟ್ರು ನಿನಗೆ ಐದು ಕಿಲೋಂದ ಮೇಲೆ ನೆಗ್ಗಲಾಗ ಹೇಳಿದ್ದವು. ಬೆನ್ನು ಬೇನೆ ಮಾಡಿಗೊಂಡು ಆ ಚಟ್ಟಿಗಳ ಎಂತಗೆ? ಆರಿಂಗಾದರೂ ಕೊಟ್ಟುಬಿಡು" ಹೇಳಿತ್ತು. ಅದು ಹೇಳಿದ್ದು ಎನ್ನ ಮೇಲಾಣ ಪ್ರೀತಿಂದಲೇ. ಆದರೆ ಕೊಡುದು ಹೇಳಿರೆ ಇಡೀ ಸೆಸಿಯ ಆರಿಂಗೋ ಎತ್ತಿ ಕೊಟ್ಟು ಕೈ ತೊಳವದು ಹೇಳಿ ಅಲ್ಲನ್ನೆ. ಡಿಸೆಂಬರಿಲಿ ಅತ್ತೆಯ ವರ್ಷಾಂತ. ಮೂರು ಜೆನ ಅತ್ತಿಗೆಕ್ಕಳೂ ಬಪ್ಪವೇ. ಅಷ್ಟರ ಒಳ ಒಂದು ದಾರಿ ಮಾಡೆಕ್ಕು ಹೇಳಿ ಗ್ರೇಶಿಗೊಂಡೆ.

ದಾರಿ ಸೆಸಿಯ ದಂಟಿಲೇ ಇದ್ದತ್ತು. ಗಾಳಿಲಿ ನೇಲುವ ಬೇರುಗೊ ಇದ್ದನ್ನೆ, ಅದು ಸುಮ್ಮನೆ ಬಪ್ಪದಲ್ಲ. ಆಂಥೂರಿಯಂ ಮೇಲೆ ಮೇಲೆ ಹತ್ತುವ ಸೆಸಿ. ಮೂರು ನಾಲ್ಕು ಬೇರು ಇಪ್ಪ ನೆತ್ತಿಯ ಕೊಯ್ದು ಬೇರೆ ಚಟ್ಟಿಲಿ ಮಡುಗಿರೆ ಅದೇ ಒಂದು ಹೊಸ ಸೆಸಿ. ಬುಡಲ್ಲಿ ಒಳುದ ಕುತ್ತಿಯೂ ಸಾಯ್ತಿಲ್ಲೆ, ಬದಿಂದ ಪುನಾ ಚಿಗುರುತ್ತು. ಹಾಂಗಾದರೆ ಚಟ್ಟಿ ಒಡವ ಪ್ರಶ್ನೆಯೇ ಇಲ್ಲೆ. ಸೆಸಿಯ ಹೆರ ಎಳವದೂ ಬೇಡ. ಸೆಸಿಯನ್ನೇ ಪಾಲು ಮಾಡಿರಾತು.

ಎಂಗೊ ಪತ್ತನಾಜೆ ಸಮಯಲ್ಲಿ, ಹೇಳಿರೆ ಮೇ ಅಕೇರಿಗೆ, ಒಂದೆರಡು ಮಳೆ ಬಂದು ಗಾಳಿ ತಂಪಾದ ಮತ್ತೆ ಸುರು ಮಾಡಿದೆಯ. ಸುಡು ಬೇಸಗೆಲಿ ಕೊಯ್ದರೆ ನೆತ್ತಿ ಬಾಡುತ್ತು. ಆಟಿ ತಿಂಗಳ ಜಡಿಮಳೆಗೆ ಕೊಯ್ದರೆ ಗಾಯ ಕೊಳೆತ್ತು. ಈ ಎರಡರ ಮಧ್ಯ ಮಾಡೆಕ್ಕು.

ಚಟ್ಟಿಗೆ ತುಂಬುಸುವದರ ಒಂದು ವಾರ ಮದಲೇ ತಯಾರು ಮಾಡಿಗೊಳ್ಳೆಕ್ಕು. ಬರೇ ಮಣ್ಣು ಆಂಥೂರಿಯಂಗೆ ಆಗ. ಎರಡು ಮಳೆಗೆ ಅದು ಗಟ್ಟಿ ಆಗಿ ಬೇರಿನ ಉಸುಲು ಕಟ್ಟುತ್ತು. ಎನ್ನ ಲೆಕ್ಕ ಹೀಂಗೆ: ತೆಂಗಿನಕಾಯಿ ಸಿಪ್ಪೆಯ ಹೆಬ್ಬೆರಳಿನಷ್ಟು ದೊಡ್ಡಕೆ ತುಂಡು ಮಾಡಿದ್ದು ಮೂರು ಪಾಲು, ಗೆರಟೆಯ ಮಸಿತುಂಡು ಒಂದು ಪಾಲು, ಹಳೇ ಹಂಚಿನ ತುಂಡು ಒಂದು ಪಾಲು, ಹೊಡಿ ಹೊಡಿ ಆದ ಹಳತ್ತು ಹಟ್ಟಿಗೊಬ್ಬರ ಅರ್ಧ ಪಾಲು. ಸಿಪ್ಪೆತುಂಡಿನ ಹಾಂಗೇ ಹಾಕಲಾಗ. ಅದರಲ್ಲಿ ಚೊಗರು ಇರ್ತು. ಬಾಲ್ದಿಲಿ ನೀರು ಹಾಕಿ ಬೊದುಲ್ಲೆ ಮಡುಗಿ, ದಿನಾಗುಳೂ ಆ ಕೆಂಪು ನೀರಿನ ಚೆಲ್ಲಿ ಹೊಸ ನೀರು ಹಾಕೆಕ್ಕು. ಐದಾರು ದಿನಲ್ಲಿ ನೀರು ತೆಳಿ ಆವುತ್ತು. ಮತ್ತೆ ಹಿಂಡಿ ತೆಗದು ಹಾಕಲಕ್ಕು.

ಚಟ್ಟಿ ಎಷ್ಟು ದೊಡ್ಡ ಬೇಕು ಹೇಳಿ ಸುಮಾರು ಜೆನ ಕೇಳ್ತವು. ದೊಡ್ಡ ಚಟ್ಟಿಗೆ ಹಾಕಿರೆ ಸೆಸಿಯೂ ದೊಡ್ಡ ಅಕ್ಕು ಹೇಳಿ ಅವರ ಗ್ರೇಶಾಣ. ಅದು ಹಾಂಗಲ್ಲ. ಬೇರು ತುಂಬದ್ದ ಜಾಗೆಲಿ ನೀರು ನಿಂದು ಒಣಗುತ್ತಿಲ್ಲೆ, ಮತ್ತೆ ಅಲ್ಲಿಂದಲೇ ಕೊಳವಲೆ ಸುರು. ಹಳೇ ಚಟ್ಟಿಂದ ಎರಡು ಇಂಚು ಅಗಲ ಹೆಚ್ಚಿದ್ದರೆ ಸಾಕು. ಅತ್ತೆ ಇದರ, "ಮಕ್ಕೊಗೆ ಅಂಗಿ ಹೊಲುಶುವ ಹಾಂಗೆ, ಒಂದು ವರ್ಷಕ್ಕೆ ಅಪ್ಪಷ್ಟು ಸಡಿಲ, ಅಷ್ಟೇ" ಹೇಳುಗು. ಆನು ನೆತ್ತಿಗೆ ಎಂಟು ಇಂಚಿನ ಪ್ಲಾಸ್ಟಿಕ್ಕಿನ ಚಟ್ಟಿ ತೆಕ್ಕೊಂಡೆ, ಅಡಿಲಿ ಆರು ಒಟ್ಟೆ ಇಪ್ಪದು. ಸಿಪ್ಪೆ, ಮಸಿ ಹಾಕಿ ನೆಟ್ಟ ಮತ್ತೆ ತೂಗಿ ನೋಡಿದೆ, ಮೂರು ಕಿಲೋ ಬಯಿಂದಿಲ್ಲೆ. ಡಾಕ್ಟ್ರ ಲೆಕ್ಕಲ್ಲಿಯೂ ಪಾಸು!

ಕೊಯ್ವ ದಿನ ಕೈಗೆ ರಜ್ಜ ತೆಂಗಿನೆಣ್ಣೆ ಕಿಟ್ಟಿಗೊಂಡೆ, ತೊರುಸದ್ದ ಹಾಂಗೆ. ಪೀಶಕತ್ತಿಯ ಸ್ಪಿರಿಟ್ಟಿಲಿ ಉದ್ದಿದೆ. ಇದರ ಬಿಡ್ಲಾಗ. ಎಲೆಯ ಕರೆ ಹಳದಿಯಾಗಿ, ನೀರು ಕುಡುದ ಹಾಂಗೆ ಆಗಿ ಕೊಳವ ಒಂದು ರೋಗ ಆಂಥೂರಿಯಂಗೆ ಬತ್ತು. ಅದು ಒಂದು ಸೆಸಿಂದ ಇನ್ನೊಂದಕ್ಕೆ ಕತ್ತಿಲೇ ಹೋಪದು. ಹಾಂಗಾಗಿ ಪ್ರತಿ ಸೆಸಿಗೂ ಒಂದರಿ ಉದ್ದೆಕ್ಕು. ನೆತ್ತಿಲಿ ಐದು ಎಲೆ, ನಾಲ್ಕು ಬೇರು ಸೇರ್ತ ಹಾಂಗೆ ನೋಡಿ, ಒಂದೇ ಎಳತಕ್ಕೆ ಕೊಯ್ದೆ. ದಂಟಿನ ಎರಡು ಹೊಡೆಯ ಗಾಯಕ್ಕೂ ಅರುಶಿನ ಹೊಡಿ ಕಿಟ್ಟಿ, ನೆತ್ತಿಯ ನೆರಳಿಲಿ ಹೊತ್ತೋಪ ವರೆಗೆ ಒಣಗಲೆ ಮಡುಗಿದೆ. ಕತ್ತಿ ಹಿಡುದ್ದು ಆನು. ದಂಟು ಮುರಿಯದ್ದ ಹಾಂಗೆ ಹಿಡ್ಕೊಂಡದು ಎಂಗಳ ಮನೆಯವು. ಚಟ್ಟಿ ಒಡೆತ್ತಿಲ್ಲೆ ಹೇಳಿ ಗೊಂತಾದ ಮತ್ತೆ ತೋರ್ತು ಹೆಗಲಿಂದ ಇಳುದು ಸೊಂಟಕ್ಕೆ ಬಂದಿತ್ತು.

ನೆಡುವಗ ಒಂದು ವಿಷಯ ನೆಂಪಿರಲಿ. ಬೇರು ಮಾಂತ್ರ ಒಳ ಹೋಯೆಕ್ಕು, ಎಲೆ ಹುಟ್ಟುವ ಕೊಡಿ ಮೇಲೆಯೇ ಇರೆಕ್ಕು. ಅದರ ಮುಚ್ಚಿರೆ ಕೊಳೆತ್ತು. ಬೇರು ಉದ್ದ ಇದ್ದರೆ ಮಡುಸಿ ತುರ್ಕಲಾಗ, ಸುತ್ತ ಹರಗಿ ಮಡುಗಿ ಮೇಲಂದ ಸಿಪ್ಪೆತುಂಡು ಹಾಕಿ. ಕೈಲಿ ಒತ್ತಿ ಒತ್ತಿ ಗಟ್ಟಿ ಮಾಡ್ಲಾಗ. ಸೆಸಿ ಆಡ್ತರೆ ಒಂದು ಕೋಲು ಕುತ್ತಿ ಬಾಳೆಬಳ್ಳಿಲಿ ಸಡಿಲಕ್ಕೆ ಕಟ್ಟಿರೆ ಸಾಕು. ಹೊಸ ಬೇರು ಬಪ್ಪ ವರೆಗೆ, ಒಂದೂವರೆ ಎರಡು ತಿಂಗಳು, ಗೊಬ್ಬರ ಎಂತದೂ ಬೇಡ.

ಮಾವನ ಚಟ್ಟಿಲಿ ಒಳುದ ಕುತ್ತಿಗೆ ಬೇರೆಯೇ ಚಾಕ್ರಿ. ಹಳೇ ಸೌಟು ಒಂದು ತೆಕ್ಕೊಂಡು ಮೇಲಾಣ ನಾಲ್ಕು ಬೆರಳಿನಷ್ಟು ಗಟ್ಟಿ ಮಣ್ಣಿನ ರಜ್ಜ ರಜ್ಜವೇ ಗೀಸಿ ತೆಗದೆ. ಉಪಾಯಲ್ಲಿ ಬೆದುರಿನ ಕಡ್ಡಿ ಕುತ್ತಿ ಅಲ್ಲಲ್ಲಿ ಗಾಳಿಗೆ ಒಟ್ಟೆ ಮಾಡಿದೆ. ತೆಗದ ಜಾಗೆಗೆ ಹೊಸ ಸಿಪ್ಪೆ, ಮಸಿ ತುಂಬುಸಿದೆ. ಅಡಿಯಾಣ ಒಟ್ಟೆಲಿ ಕಟ್ಟಿದ ಬೇರಿನ ಬಿಡುಸಿ, ನೀರು ಹೋಪ ದಾರಿ ಸರಿ ಮಾಡಿದೆ. ನಿಂಗಳ ಮನೆಲಿಯೂ ನೆಗ್ಗಲೆ ಎಡಿಯದ್ದ ದೊಡ್ಡ ಚಟ್ಟಿ ಇದ್ದರೆ ಹೀಂಗೆ ಮಾಡ್ಲಕ್ಕು. ಪೂರ ಬದಲ್ಸಿದಷ್ಟು ಅಲ್ಲದ್ದರೂ ಸೆಸಿಗೆ ಎರಡು ವರ್ಷದ ಉಸುಲು ಬತ್ತು.

ಆಟಿಲಿ ಮಳೆ ನೇರ ಬೀಳದ್ದ ಹಾಂಗೆ ಜೆಗಿಲಿಯ ಒಳ ಮಡುಗಿದೆ. ಮಳೆಗಾಲಲ್ಲಿ ಶಂಖದ ಹುಳು ಬಂದು ಎಳತ್ತು ಎಲೆಯ ತಿಂತು. ಇರುಳು ಟಾರ್ಚು ಹಿಡ್ಕೊಂಡು ಹೆರ್ಕಿ ಇಡ್ಕುದು ಬಿಟ್ಟರೆ ಬೇರೆ ಮದ್ದು ಆನು ಮಾಡಿದ್ದಿಲ್ಲೆ. ಜುಲಾಯಿ ಅಕೇರಿಗೆ ಕುತ್ತಿಯ ಬದಿಂದ ಉಗುರಿನಷ್ಟು ಸಣ್ಣ ಕೆಂಪು ಚಿಗುರು ಕಂಡತ್ತು. ಮದಾಲು ನೋಡಿದ್ದು ಆನಲ್ಲ, ಎಂಗಳ ಮನೆಯವು. ಕಾಪಿ ಕುಡಿವಲೆ ಬಂದವು, "ಅಬ್ಬೆಯ ಸೆಸಿ ಬಯಿಂದು" ಹೇಳಿದವು. ಅಷ್ಟೇ ಹೇಳಿದ್ದು.

ಚೌತಿ ಕಳುದ ಮತ್ತೆ ಮಳೆ ಕಮ್ಮಿ ಆದಪ್ಪಗ ನಾಲ್ಕು ಮರಿಗಳನ್ನೂ ಬಿಡುಸಿದೆ. ಮದಲಾಣ ದಿನವೇ ಲಾಯ್ಕಲ್ಲಿ ನೀರು ಹಾಕಿ ಮೆಸ್ತಂಗೆ ಮಾಡಿ, ಕಡ್ಡಿಲಿ ಸುತ್ತ ಸಡಿಲ ಮಾಡಿ, ಪ್ರತಿ ಮರಿಗೂ ಎರಡು ಮೂರು ಬೇರು ಸೇರ್ತ ಹಾಂಗೆ ಕೊಯ್ದು ತೆಗದೆ. ಬೇರಿನ ಒಂದರಿ ಬೆರಳಿಲಿ ಮುಟ್ಟಿ ನೋಡೆಕ್ಕು. ಗಟ್ಟಿ ಇದ್ದು ಬೆಳಿ ಕಾಂಬದು ಒಳ್ಳೆದು. ಕಪ್ಪಾಗಿ, ಹಿಡುದರೆ ಚೋಲಿ ಕಳಚಿ ಒಳ ನೂಲಿನ ಹಾಂಗೆ ಒಳಿವದು ಕೊಳದ್ದು, ಅದರ ಕೊಯ್ದು ಇಡ್ಕೆಕ್ಕು. ಮರಿಗೊಕ್ಕೆ ಆರು ಇಂಚಿನ ಚಟ್ಟಿ ಸಾಕಾತು.

ಡಿಸೆಂಬರಿಲಿ ವರ್ಷಾಂತಕ್ಕೆ ಅತ್ತಿಗೆಕ್ಕೊ ಬಂದವು. ಕಾರ್ಯ ಕಳುದು, ನೆಂಟ್ರೆಲ್ಲ ಹೋಗಿ, ಮರದಿನ ಉದಿಯಪ್ಪಗ ದೊಡ್ಡತ್ತಿಗೆ ಜೆಗಿಲಿಲಿ ಕೂದೊಂಡು 1986ರ ಮೇಲೆ ಬೆರಳು ಆಡುಸಿಗೊಂಡಿತ್ತಿದ್ದವು. ಎಪ್ಪತ್ತರ ಹತ್ತರೆ ಆತು ಅವಕ್ಕೆ. "ಇಷ್ಟು ದಿನ ಅಬ್ಬೆಯ ನೋಡೆಕ್ಕು ಹೇಳಿ ಬಂದೊಂಡಿತ್ತಿದ್ದೆಯ. ಇನ್ನು ಎಂತ ಹೇಳಿಗೊಂಡು ಬಪ್ಪದು?" ಹೇಳಿ ಹೇಳಿದವು. ಎನ್ನತ್ರೆ ಹೇಳಿದ್ದೋ, ಚಟ್ಟಿಯತ್ರೆ ಹೇಳಿದ್ದೋ ಗೊಂತಾತಿಲ್ಲೆ. ಎನ್ನ ಅಬ್ಬೆ ತೀರಿ ಹೋಗಿ ಒಂಬತ್ತು ವರ್ಷ ಆತು. ಅಣ್ಣ, ಅತ್ತಿಗೆ ಒಳ್ಳೆಯವೇ, ಬಪ್ಪಲೆ ಹೇಳ್ತವು. ಆದರೂ ಬಸ್ಸು ಹತ್ತೆಕ್ಕಾರೆ ಒಂದು ಕಾರಣ ಬೇಕಾವುತ್ತು. ಈ ಮಾತಿನ ಅರ್ಥ ಹೆಮ್ಮಕ್ಕೊಗೆ ಬೇರೆ ಬಿಡುಸಿ ಹೇಳೆಕ್ಕಾದ್ದಿಲ್ಲೆ.

ಆನು ಒಳಂದ ಮೂರು ಚಟ್ಟಿಗಳ ಒಂದೊಂದಾಗಿ ತಂದು ಅವರ ಎದುರು ಮಡುಗಿದೆ. "ಅತ್ತಿಗೆ, ಇದು ಅತ್ತೆಯ ಸೆಸಿಯ ಮರಿಗೊ. ಆದರೆ ಒಂದು ಶರ್ತ ಇದ್ದು. ಇದಕ್ಕೆ ಎರಡು ವರ್ಷಕ್ಕೊಂದರಿ ಚಟ್ಟಿ ಬದಲ್ಸೆಕ್ಕು. ಸಿಪ್ಪೆ, ಮಸಿ, ಹಂಚಿನ ತುಂಡು ಎಲ್ಲ ಇಲ್ಲಿಯೇ ಇಪ್ಪದು. ಚೌತಿ ಕಳುದ ಮತ್ತೆ ಮೂರು ಜೆನವೂ ಸೆಸಿ ಹಿಡ್ಕೊಂಡು ಬನ್ನಿ, ಎರಡು ದಿನ ನಿಂದು ಒಟ್ಟಿಂಗೆ ಮಾಡುವ. ದೊಡ್ಡ ಚಟ್ಟಿಯ ಕೆಲಸ ಎನ್ನ ಒಬ್ಬಳ ಕೈಲಿ ಎಡಿಯ" ಹೇಳಿದೆ. ಸಣ್ಣತ್ತಿಗೆ ನೆಗೆ ಮಾಡಿದವು. ದೊಡ್ಡತ್ತಿಗೆ ಸೆರಗಿಲಿ ಕಣ್ಣು ಉದ್ದಿಗೊಂಡು, "ಎನ್ನ ಮನೆಲಿ ಬೆಶಿಲು ಜಾಸ್ತಿ, ಎಲ್ಲಿ ಮಡುಗುದು?" ಹೇಳಿ ಕೇಳಿದವು. ಅಷ್ಟು ಕೇಳಿದವು ಹೇಳಿರೆ ಒಪ್ಪಿದವು ಹೇಳಿಯೇ ಲೆಕ್ಕ.

ನಾಲ್ಕನೇ ಮರಿಯ, ಬೇಡ ಹೇಳಿದ ಮಗಳೇ ತೆಕ್ಕೊಂಡು ಹೋತು. ಅದೇ ಮೊಬೈಲಿಲಿ ಹುಡ್ಕಿ ಒಂದು ವಿಷಯ ಓದಿ ಹೇಳಿತ್ತು: 1889ರಲ್ಲಿ ಒಬ್ಬ ಲಂಡನ್ನಿಂದ ಹವಾಯಿ ದ್ವೀಪಕ್ಕೆ ಆಂಥೂರಿಯಂ ತೆಕ್ಕೊಂಡು ಹೋದ, ಮತ್ತೆ ಅದು ಅಲ್ಲಿ ಜನಂಗಳ ಹಿತ್ತಿಲಿಂಗೆಲ್ಲ ಹಬ್ಬಿ ದೊಡ್ಡ ಹೂಗಿನ ವ್ಯಾಪಾರವೇ ಆತಡ. ಪಾಲು ಆಗಿ ಆಗಿಯೇ ಈ ಸೆಸಿ ಲೋಕ ಸುತ್ತಿದ್ದು ಹೇಳಿ ಆತು.

ದೊಡ್ಡತ್ತಿಗೆ ಕೇಳಿದ ಪ್ರಶ್ನೆ ನಿಂಗಳಲ್ಲಿಯೂ ಸುಮಾರು ಜೆನಕ್ಕೆ ಇಕ್ಕು. ಅಡಕ್ಕೆ ತೋಟದ ಒಳ ಇಪ್ಪ ಹಾಂಗಿಪ್ಪ ನೆರಳು ಆಂಥೂರಿಯಂಗೆ ಹೇಳಿ ಮಾಡ್ಸಿದ್ದು. ಉದಿಯಪ್ಪಗಾಣ ಎಳೆ ಬೆಶಿಲು ರಜ್ಜ ಬಿದ್ದರೆ ಅಡ್ಡಿ ಇಲ್ಲೆ, ಮಧ್ಯಾನ್ನ ಮೇಲಾಣ ಪಡು ಹೊಡೆಣ ಬೆಶಿಲು ಆಗಲೇ ಆಗ. ಎಲೆ ಬೆಳ್ಚಿ ಮತ್ತೆ ಕಂದು ಬಣ್ಣಲ್ಲಿ ಸುಟ್ಟ ಹಾಂಗೆ ಆವುತ್ತು. ಹಾಂಗೆ ಹೇಳಿ ಕಸ್ತಲೆ ಕೋಣೆಲಿ ಮಡುಗಿರೆ ಬರೇ ಎಲೆ, ಹೂಗು ಬಾರ. ಪುಸ್ತಕ ಓದುವಷ್ಟು ಬೆಣ್ಚು ಇಪ್ಪ ನೆರಳು ಹೇಳಿ ಮಡಿಕ್ಕೊಳಿ. ಪೇಟೆ ಮನೆ ಆದರೆ ನೂರಕ್ಕೆ ಎಪ್ಪತ್ತೈದು ನೆರಳು ಕೊಡುವ ಹಸಿರು ನೆಟ್ಟು ಕಟ್ಟಿ. ಬೇಸಗೆಲಿ ದಿನಾಗುಳೂ ನೀರು, ಹೊತ್ತೋಪಗ ಎಲೆಗೆ ರಜ್ಜ ಚಿಮುಕ್ಸುದು. ಮಳೆಗಾಲಲ್ಲಿ ಬೆರಳು ಕುತ್ತಿ ನೋಡಿ, ಒಣಗಿದ್ದರೆ ಮಾಂತ್ರ. ಚಟ್ಟಿಯ ಅಡಿಯಾಣ ತಟ್ಟೆಲಿ ನೀರು ನಿಂಬಲೆ ಬಿಡ್ಲಾಗ.

ಮರಿಯ ದೂರ ತೆಕ್ಕೊಂಡು ಹೋಪದಾದರೆ ಬೇರಿಂಗೆ ಚೆಂಡಿ ಮಾಡಿದ ತೆಂಗಿನ ನಾರು ಸುತ್ತಿ, ಅದರ ಮೇಲಂದ ಅಡಕ್ಕೆ ಹಾಳೆ ಸುತ್ತಿ ಬಾಳೆಬಳ್ಳಿಲಿ ಕಟ್ಟಿ. ಎರಡು ದಿನ ಬಾಡದ್ದೆ ಇರ್ತು. ಮನೆಗೆ ಎತ್ತಿದ ಮತ್ತೆ ಕೂಡ್ಲೆ ಹೆರ ಮಡುಗದ್ದೆ ಒಂದು ವಾರ ಹೆಚ್ಚು ನೆರಳಿಲಿ ಮಡುಗಿ. ಒಂದೆರಡು ಎಲೆ ಹಳದಿ ಆಗಿ ಉದುರುಗು, ಅದಕ್ಕೆ ಹೆದರೆಡಿ. ಹೊಸ ಜಾಗೆಗೆ ಬಂದ ಸುರುವಿಂಗೆ ನವಗೂ ಉಣ್ಣಲೆ ಮನಸ್ಸು ಬತ್ತಿತ್ತಿಲ್ಲೆನ್ನೆ.

ಮಾವನ ಚಟ್ಟಿಲಿ ಈಗ ಕುತ್ತಿಯ ಬದಿಂದ ಮೂರು ಚಿಗುರು ಬಯಿಂದು. ಅದರಲ್ಲಿ ಎರಡರ ಬರ್ತ ಚೌತಿ ಕಳುದ ಮತ್ತೆ ಬಿಡುಸುಲಕ್ಕು. ಹತ್ತರೆಯವು ಆರಿಂಗಾರೂ ಬೇಕಾದರೆ ಈಗಳೇ ಹೇಳಿ ಮಡುಗಿ. ಚಟ್ಟಿ ನಿಂಗಳೇ ತನ್ನಿ, ಅಡಿಲಿ ಒಟ್ಟೆ ಇಪ್ಪದು. ಸಿಪ್ಪೆ, ಮಸಿ ಆನು ಬೊದುಲ್ಸಿ ಮಡುಗುವೆ. ಕಾಪಿಯೂ ಮಾಡ್ತೆ.